ರಿಪೋರ್ಟಿನಲ್ಲಿ ಕಾಣದ್ದು

ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಆಕೆಯನ್ನು ಬ್ರೇಕಕ್ಕ ಅಂತಲೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟು, ಇಪ್ಪತ್ತೆರಡು ವರ್ಷದಲ್ಲಿ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದಳು. “ಕ್ಲಚ್ ಬಿಡೋದು ಅಂದ್ರೆ, ನಿದ್ದೆ ಹೋದ ಮಗು ಮುಷ್ಟಿಯಿಂದ ಸೆರಗು ಬಿಡಿಸ್ಕೊಂಡ ಹಾಗೆ” ಎನ್ನುತ್ತಿದ್ದಳು. ಮಕ್ಕಳಿಲ್ಲದವರಿಗೂ ಅದು ಅರ್ಥವಾಗುತ್ತಿತ್ತು.

ಅವಳಿಗೆ ಎಚ್‌ಐವಿ ಇರುವುದು ಸ್ಕೂಲಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಗೊತ್ತಾಗಿ ಹದಿನೈದು ವರ್ಷ. ಹೇಗೆ ಬಂತು ಎಂದು ಕೇಳುವ ಹಕ್ಕು ಡಾಕ್ಟರಿಗೆ ಮಾತ್ರ ಎಂದು ಆಕೆ ಆವತ್ತೇ ತೀರ್ಮಾನಿಸಿಬಿಟ್ಟಿದ್ದಳು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಒಬ್ಬ ಸಣಕಲು ಮನುಷ್ಯ ಮದುವೆಯ ಮಾತೆತ್ತಿದಾಗ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದಳು: “ನನಗೆ ಎಚ್‌ಐವಿ ಇದೆ.”

ಆತ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡ. “ನನಗೆ ಚಾಳೀಸು ಬಂದಿದೆ. ಸೈಕಲ್ಲೂ ಬರಲ್ಲ. ಇನ್ನೇನಾದ್ರೂ ಇದೆಯಾ?”

ದಿನಾ ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇರುವವರೆಗೆ ಗಂಡನಿಗೆ ಹರಡುವುದಿಲ್ಲ ಎಂದು ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು. ಅಂದಿನಿಂದ ಬೆಳಗ್ಗೆ ಚಹಾದ ಸಾಸರಿನಲ್ಲಿ ಮಾತ್ರೆ ಇಟ್ಟುಕೊಡುವುದು ಪ್ರೂಫ್ ರೀಡರನ ಕೆಲಸವಾಯಿತು. ಪ್ರತಿ ರಿಪೋರ್ಟಿನಲ್ಲೂ ಒಂದೇ ಸಾಲು: ವೈರಸ್ ಕಂಡುಬಂದಿಲ್ಲ. ಒಂಬತ್ತು ವರ್ಷ ಅದೇ ಸಾಲು.

ಹತ್ತನೇ ವರ್ಷ ಬ್ರೇಕಕ್ಕನ ತಲೆಗೆ ಹುಳ ಹೊಕ್ಕಿತು. ಇಲ್ಲದ್ದಕ್ಕೆ ಮದ್ದು ಯಾಕೆ? ಒಂದು ಬೆಳಗ್ಗೆ ಮಾತ್ರೆಯನ್ನು ಬಾಯಿಗೆ ಹಾಕುವ ಬದಲು ಕೋಟಿನ ಜೇಬಿಗೆ ಹಾಕಿದಳು. ಮರುದಿನವೂ, ಆಮೇಲೆ ದಿನಾ ಅಷ್ಟೇ. ಏನೂ ಆಗಲಿಲ್ಲ. ಹಸಿವು ಚೆನ್ನಾಗಿತ್ತು, ಕಲಿಯುವವರಿಗೆ ಬೈಯುವ ಬೈಗುಳ ಇನ್ನೂ ಚೆನ್ನಾಗಿತ್ತು. ಗಂಡನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಆ ದಿನಗಳಲ್ಲೇ ಒಬ್ಬ ಸಂಶೋಧಕಿ ಕಾರು ಕಲಿಯಲು ಬಂದಳು. ಆಮೆಯೂ ಹಾರ್ನ್ ಹೊಡೆದು ಮುಂದೆ ಹೋಗಬೇಕು, ಅಂಥ ಸ್ಪೀಡು. ಒಂದು ಬೆಳಗ್ಗೆ ಏರುರಸ್ತೆಯಲ್ಲಿ ಮೂರು ಸಲ ಇಂಜಿನ್ ಆಫ್ ಮಾಡಿದಳು.

“ಪಕ್ಕಕ್ಕೆ ನಿಲ್ಲಿಸಿ, ಮೇಡಂ. ಏನಾದ್ರೂ ಮಾತಾಡೋಣ. ನಿಮ್ಮ ಕೆಲಸ ಎಂಥದ್ದು?”

“ಲ್ಯಾಬಲ್ಲಿ ಅಕ್ಕಾ. ಎಚ್‌ಐವಿ ಯಾಕೆ ಪೂರ್ತಿ ವಾಸಿಯಾಗಲ್ಲ ಅಂತ ನೋಡ್ತೀವಿ.”

ಬ್ರೇಕಕ್ಕ ಕನ್ನಡಿ ಸರಿಮಾಡುವವಳಂತೆ ಮುಖ ತಿರುಗಿಸಿದಳು. “ಮಾತ್ರೆ ತಗೊಂಡ್ರೆ ಹೋಗಿಬಿಡುತ್ತಲ್ಲ? ರಿಪೋರ್ಟಲ್ಲಿ ಕಾಣಿಸಲ್ವಂತೆ.”

“ರಕ್ತದಲ್ಲಿ ಓಡಾಡೋದು ಕಾಣಿಸಲ್ಲ. ಆದ್ರೆ ಈ ವೈರಸ್ಸು ನಮ್ಮ ಜೀವಕೋಶದ ಡಿಎನ್‌ಎ ಒಳಗೇ ತನ್ನನ್ನ ಸೇರಿಸ್ಕೊಂಡುಬಿಡುತ್ತೆ. ಡಿಎನ್‌ಎ ಅಂದ್ರೆ ಉದ್ದದ ದಾರ ಇದ್ದ ಹಾಗೆ. ಚಿಕ್ಕಚಿಕ್ಕ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತೆ. ಸುತ್ತು ಸಡಿಲ ಇದ್ದ ಕಡೆ ಜೀವಕೋಶ ಅದನ್ನ ಓದುತ್ತೆ, ಬಿಗಿ ಇದ್ದ ಕಡೆ ಓದೋಕಾಗಲ್ಲ.”

“ಬಿಗಿ ಮಾಡೋರು ಯಾರು?”

“ಜೀವಕೋಶವೇ. ದಾರದ ಮೇಲೆ, ಉಂಡೆಗಳ ಮೇಲೆ ರಾಸಾಯನಿಕ ಗುರುತುಗಳನ್ನ ಹಾಕುತ್ತೆ, ತೆಗೆಯುತ್ತೆ. ಅಕ್ಷರ ಒಂದೂ ಬದಲಾಗಲ್ಲ, ಓದೋದು ಮಾತ್ರ ನಿಂತುಹೋಗುತ್ತೆ. ಇದಕ್ಕೆ ಎಪಿಜೆನೆಟಿಕ್ಸ್ ಅಂತೀವಿ. ಕೆಲವು ಜೀವಕೋಶಗಳು ವಿಶ್ರಾಂತಿಗೆ ಹೋದಾಗ ಅವುಗಳೊಳಗಿನ ವೈರಸ್ಸಿನ ಭಾಗವೂ ಹೀಗೇ ಬಿಗಿಯಾಗಿ ಮೌನವಾಗಿಬಿಡುತ್ತೆ. ಹೊಸ ವೈರಸ್ ಹುಟ್ಟಲ್ಲ, ಹಾಗಾಗಿ ದೇಹದ ಕಾವಲು ಕೋಶಗಳಿಗೆ ಗುರುತು ಸಿಗಲ್ಲ. ಮಾತ್ರೆ ತಡೆಯೋದು ವೈರಸ್ ಹೆಚ್ಚಾಗೋದನ್ನ. ಸುಮ್ಮನೆ ಮಲಗಿದ್ದನ್ನ ಅದು ಏನೂ ಮಾಡೋಕಾಗಲ್ಲ.”

“ಎಷ್ಟು ವರ್ಷ ಮಲಗಿರುತ್ತೆ?”

“ಹತ್ತಾರು ವರ್ಷ. ಅಲ್ಲೊಂದು ಇಲ್ಲೊಂದು ಕೋಶ ಆಗಾಗ ಏಳ್ತಾನೇ ಇರುತ್ತೆ. ಮಾತ್ರೆ ಇದ್ರೆ ಅಲ್ಲಿಗೇ ನಿಲ್ಲುತ್ತೆ. ನಿಲ್ಲಿಸಿದ್ರೆ ಎರಡು ಮೂರು ವಾರದಲ್ಲೇ ಮತ್ತೆ ರಕ್ತದ ತುಂಬ.”

ಬ್ರೇಕಕ್ಕ ಬೆರಳು ಮಡಚಿ ಎಣಿಸಿದಳು. ಮಾತ್ರೆ ಬಿಟ್ಟು ಹತ್ತೊಂಬತ್ತು ದಿನ. ಅವಳಿಗೆ ತನ್ನ ಚಿಂತೆ ಹೊಳೆಯಲೇ ಇಲ್ಲ. ಹೊಳೆದದ್ದು ಚಾಳೀಸಿನ ಮನುಷ್ಯ.

“ಇಳೀರಿ ಮೇಡಂ, ನಾನು ಓಡಿಸ್ತೀನಿ.”

“ಯಾಕಕ್ಕಾ, ನಾನೇನಾದ್ರೂ ತಪ್ಪು ಮಾಡಿದ್ನಾ?”

“ನೀನಲ್ಲ ಕಣಮ್ಮಾ. ನಾನು.” ಹದಿನೈದು ವರ್ಷದಲ್ಲಿ ಮೊದಲ ಸಲ ಹೊರಗಿನವರೊಬ್ಬರಿಗೆ ಆಕೆ ಬಾಯಿಬಿಟ್ಟಳು. ಸಂಶೋಧಕಿಯ ಕಣ್ಣು ತುಂಬಿತು. ಆಮೇಲೆ ಅವಳು ಕೇಳಿದ್ದು ಒಂದೇ: “ಆಸ್ಪತ್ರೆಗೆ ಯಾವ ಕಡೆಯಿಂದ ಹೋದ್ರೆ ಬೇಗ?”

ಡಾಕ್ಟರಮ್ಮ ಬೈಯಲಿಲ್ಲ, ಅದೇ ಹೆಚ್ಚು ಚುರುಕು ಮುಟ್ಟಿಸಿತು. ರಕ್ತ ತೆಗೆದರು, ಮಾತ್ರೆ ಅಲ್ಲೇ ನುಂಗಿಸಿದರು, ಗಂಡನನ್ನು ಇವತ್ತೇ ಕರೆದುಕೊಂಡು ಬಾ ಎಂದರು.

ಪ್ರೆಸ್ಸಿನ ಬಾಗಿಲಲ್ಲೇ ನಿಂತು ಆಕೆ ಗಂಡನಿಗೆ ಎಲ್ಲ ಹೇಳಿದಳು. ಆತ ಕೈಯಲ್ಲಿದ್ದ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ.

“ನಾನು ನೋಡಿ ಕಳಿಸಿದ ಹಾಳೆಯಲ್ಲಿ ತಪ್ಪಿಲ್ಲ ಅಂತ ನೀನು ನಂಬ್ತೀಯಾ?”

“ಇಲ್ಲಾರೀ. ಹೋದ ತಿಂಗಳು ಮುಖಪುಟದಲ್ಲೇ ಇತ್ತು.”

“ಮತ್ತೆ? ಕಂಡಿಲ್ಲ ಅಂದ್ರೆ ಇಲ್ಲ ಅಂತಲ್ಲ. ನನ್ನನ್ನ ಕೇಳಿದ್ರೆ ಆವತ್ತೇ ಹೇಳ್ತಿದ್ದೆ.” ಅಷ್ಟು ಹೇಳಿ ಆತ ಆಕೆಯ ಕೈ ಹಿಡಿದುಕೊಂಡ. “ನಿನಗೇನಾದ್ರೂ ಆಗಿದ್ರೆ?”

ಅವನಿಗೇನಾದರೂ ಆಗಿದ್ದರೆ ಎಂದು ಆಕೆ ದಾರಿಯುದ್ದಕ್ಕೂ ಅಳುತ್ತ ಬಂದಿದ್ದಳು. ಅವನಿಗೆ ಆ ಯೋಚನೆಯೇ ಬಂದಿರಲಿಲ್ಲ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಹಿಡಿದ ಕೈ ಬಿಡಲಿಲ್ಲ.

ಬ್ರೇಕಕ್ಕನ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸಿಕೊಂಡಿತ್ತು. ಗಂಡನಿಗೆ ಅಂದೂ ಇರಲಿಲ್ಲ, ಮೂರು ತಿಂಗಳ ನಂತರದ ಪರೀಕ್ಷೆಯಲ್ಲೂ ಇರಲಿಲ್ಲ. ಹಳೇ ಮಾತ್ರೆಯೇ ಕೆಲಸಕ್ಕೆ ಬಂತು. ಅಷ್ಟರಲ್ಲಿ ಅವಳ ರಿಪೋರ್ಟೂ ಮೊದಲಿನ ಸಾಲಿಗೇ ಮರಳಿತ್ತು. ಆ ರಿಪೋರ್ಟ್ ಬಂದ ದಿನ ಆಕೆ ಸಂಶೋಧಕಿಗೆ ಫೋನ್ ಮಾಡಿ, “ನಿಮ್ಮ ಲ್ಯಾಬಿಗೆ ನನ್ನ ರಕ್ತ ಬೇಕಾ?” ಎಂದು ಕೇಳಿದಳು. ಬೇಕಿತ್ತು.

ಲ್ಯಾಬಿನಲ್ಲಿ ಎರಡು ಗುಂಪುಗಳಿದ್ದವು. ಮಲಗಿದ ವೈರಸ್ಸನ್ನು ಎಬ್ಬಿಸಿ ಆ ಕೋಶಗಳನ್ನೇ ಮುಗಿಸಬೇಕು ಎನ್ನುವವರು ಕೆಲವರು. ಅವರ ಮದ್ದು ಎಬ್ಬಿಸುತ್ತಿತ್ತು, ಆದರೆ ಎದ್ದ ಕೋಶ ಸಾಯುತ್ತಿರಲಿಲ್ಲ. ಇನ್ನು ಕೆಲವರಿಗೆ ಸುತ್ತನ್ನು ಮತ್ತಷ್ಟು ಬಿಗಿಮಾಡಿ ಅದು ಎಂದೂ ಏಳದಂತೆ ಮಾಡುವ ಆಸೆ. ಸಂಶೋಧಕಿ ಈ ಕಡೆಯವಳು. ಕಾರಿನಲ್ಲೂ ಅವಳಿಗೆ ನಿಲ್ಲಿಸುವುದೇ ಚೆನ್ನಾಗಿ ಬರುತ್ತಿತ್ತು. ಮೂರನೇ ಸಲಕ್ಕೆ ಲೈಸೆನ್ಸ್ ಸಿಕ್ಕಿತು.

ಒಂದು ಶನಿವಾರ ಅವಳು ಬ್ರೇಕಕ್ಕನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೆಳಗೆ ಮಸುಕು ಮಸುಕಾದ ದುಂಡು ಕೋಶಗಳು, ಒಂದರ ಹಾಗೆ ಇನ್ನೊಂದು.

“ಇವೆಲ್ಲ ನನ್ನವಾ?”

“ನಿಮ್ಮವೇ ಅಕ್ಕಾ.”

“ಯಾವುದರೊಳಗೆ ಮಲಗಿದೆ?”

“ನೋಡಿದ್ರೆ ಗೊತ್ತಾಗಲ್ಲ. ಇಂಥ ಹತ್ತು ಲಕ್ಷ ಕೋಶ ಜಾಲಾಡಿದ್ರೆ ಒಂದು ಸಿಗಬಹುದು.”

ಬ್ರೇಕಕ್ಕ ಕಣ್ಣು ಕಿರಿದು ಮಾಡಿ ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು.

“ಹುಡುಕಿ ಮೇಡಂ, ನನಗೇನೂ ಅವಸರ ಇಲ್ಲ. ಹನ್ನೊಂದಕ್ಕೆ ಮಾತ್ರ ಕ್ಲಾಸಿದೆ. ಇವತ್ತು ರಿವರ್ಸು.”