ಮೂವತ್ತೈದು ನಿಮಿಷದ ಲೆಕ್ಕ

ದಕ್ಷಿಣ ಆಫ್ರಿಕಾದ ಕರಿಯೇಗಾ ಊರಲ್ಲಿ ಕಾರಿನ ಸೀಟು ಮಾಡುವ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ನಾನಿದ್ದೆ. ವುಯೊಕಾಜಿ ಕಂಪ್ಯೂಟರ್ ವಿಭಾಗದಲ್ಲಿ. ಅವಳ ಗಂಡ ಮೊಂಡೆ ಉಗ್ರಾಣದಲ್ಲಿ.

ಒಂದು ಮಂಗಳವಾರ ಸ್ಪ್ರಿಂಗ್ ಮುಗಿದು ಕೆಲಸವೆಲ್ಲ ನಿಂತಿತು. "ಉಗ್ರಾಣದಲ್ಲಿದೆ ಅಂತ ಮೊಂಡೆ ಸುಳ್ಳು ಎಣಿಕೆ ಕೊಟ್ಟಿದ್ದ. ಅದಕ್ಕೇ ಕಂಪ್ಯೂಟರ್ ಪಟ್ಟಿ ಸ್ಪ್ರಿಂಗ್ ಕೇಳಲಿಲ್ಲ" ಎಂದ, ಯೋಜನಾ ವಿಭಾಗದ ಮುಖ್ಯಸ್ಥ ಸಿಂದಿಲೆ. ಮೊಂಡೆಯನ್ನು ಕೆಲಸದಿಂದ ತೆಗೆದರು. ಹತ್ತೊಂಬತ್ತು ವರ್ಷ ದುಡಿದವನ ಊಟದ ಡಬ್ಬಿಯನ್ನೂ ತೆರೆಸಿ ನೋಡಿ ಕಾವಲುಗಾರರು ಹೊರಗೆ ಕಳಿಸಿದರು. ಮೊಂಡೆ ಚರ್ಚಿನಲ್ಲಿ ಹಾಡುವುದನ್ನೂ ಬಿಟ್ಟ.

ವುಯೊಕಾಜಿ ಅಳಲಿಲ್ಲ. "ಆ ಸಿಂದಿಲೆನ ಬಿಡಲ್ಲ ಕಣೇ" ಎಂದಳು ನನಗೆ, ಅಷ್ಟೇ.

ಯಾವ ಬಿಡಿಭಾಗ ಎಷ್ಟು, ಯಾವಾಗ ತರಿಸಬೇಕೆಂಬ ಲೆಕ್ಕ ಹಾಕಲು ಕಂಪ್ಯೂಟರಿಗೆ ಒಂಬತ್ತು ಗಂಟೆ ಬೇಕಿತ್ತು. ವಾರಕ್ಕೊಮ್ಮೆ ಮಾತ್ರ ಓಡುತ್ತಿತ್ತು; ಹೊಸ ಪಟ್ಟಿ ಬಂದೊಡನೆ ಹಳೆಯದು ಅಳಿಯುತ್ತಿತ್ತು. ನಡುವೆ ಪಟ್ಟಿ ತಿದ್ದುವ ಅಧಿಕಾರ ಸಿಂದಿಲೆಗೊಬ್ಬನಿಗೇ; ಅವನು ಏನು ತಿದ್ದಿದರೂ ಕೇಳುವವರಿರಲಿಲ್ಲ.

ಲೆಕ್ಕವನ್ನು ಬೇಗ ಮುಗಿಸುತ್ತೇನೆಂದು ಅವಳು ಒಪ್ಪಿಗೆ ಪಡೆದಳು. ಮೊದಲು ಸೀಟು, ಆಮೇಲೆ ಚೌಕಟ್ಟು, ಆಮೇಲೆ ಸ್ಪ್ರಿಂಗ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಲೆಕ್ಕ ಅದು. ಒಂದೇ ಮೆಟ್ಟಿಲಿನ ಸಾಮಾನುಗಳಿಗೆ ಒಂದರ ಹಂಗು ಇನ್ನೊಂದಕ್ಕಿಲ್ಲ. ಅವನ್ನು ಕಟ್ಟುಕಟ್ಟಾಗಿ ಹಂಚಿ ಕಂಪ್ಯೂಟರಿನ ಹದಿನಾರು ಕಡೆ ಒಟ್ಟಿಗೇ ಓಡಿಸಿದಳು. ಎಲ್ಲವೂ ಮುಗಿದ ಮೇಲಷ್ಟೇ ಕೆಳಗಿನ ಮೆಟ್ಟಿಲು. ಮೊದಮೊದಲು ಬಟ್ಟೆಯ ಲೆಕ್ಕದ ಕಟ್ಟೊಂದೇ ಮುಗಿಯದೆ ಎಳೆಯುತ್ತಿತ್ತು, ಉಳಿದವು ಕೈಕಟ್ಟಿ ಕಾಯುತ್ತಿದ್ದವು. ಕಟ್ಟುಗಳನ್ನು ಇನ್ನೂ ಸಣ್ಣಗೆ ಒಡೆದಳು. ನಾಲ್ಕು ತಿಂಗಳಲ್ಲಿ ಒಂಬತ್ತು ಗಂಟೆಯ ಲೆಕ್ಕ ಬರೀ ಮೂವತ್ತೈದು ನಿಮಿಷಕ್ಕೆ ಇಳಿಯಿತು.

ಮ್ಯಾನೇಜರ್ ಫೂರಿ ಮೇಡಂ ಎಲ್ಲರನ್ನೂ ಕರೆದರು. ಸಿಂದಿಲೆಯೇ ಮೊದಲು ಚಪ್ಪಾಳೆ ತಟ್ಟಿದ.

"ಮೇಡಂ, ಸ್ಪ್ರಿಂಗ್ ಮುಗಿಯೋಕೆ ಎರಡು ವಾರ ಮುಂಚಿನ ಅಂಕಿ ತೆಗೆದಿಟ್ಟಿದೀನಿ. ಮೊಂಡೆ ಕೊಟ್ಟ ಎಣಿಕೆ ಹಾಗೇ ಇದೆ. ಅದನ್ನೇ ಓಡಿಸ್ಲಾ?" ಎಂದಳು ವುಯೊಕಾಜಿ.

"ಸತ್ತಿದ್ದನ್ನ ಯಾಕೆ ಕೆದಕ್ತೀಯ ತಂಗಿ? ಅಷ್ಟು ಹೊತ್ತು ಯಾರು ಕೂರ್ತಾರೆ?" ಎಂದ ಸಿಂದಿಲೆ.

"ಈಗ ತಾನೆ ಚಪ್ಪಾಳೆ ತಟ್ಟಿದ್ಯಲ್ಲ ಅಣ್ಣ. ಒಂದು ಟೀ ಕುಡಿ, ಮುಗಿದಿರುತ್ತೆ."

ಅವನು ಟೀ ಮುಟ್ಟಲಿಲ್ಲ. ಪಟ್ಟಿ ಬಂತು: ನಾಲ್ಕು ಸಾವಿರದ ಎಂಟುನೂರು ಸ್ಪ್ರಿಂಗ್, ಕೂಡಲೇ ತರಿಸಿ. ಮೊಂಡೆಯ ಎಣಿಕೆ ಸರಿಯಾಗಿತ್ತು. ಉಗ್ರಾಣದ ದಾಸ್ತಾನು ಕಡಿಮೆ ತೋರಿಸಿ ಹೊಗಳಿಸಿಕೊಳ್ಳಲು ಸಿಂದಿಲೆಯೇ ಆಗಿನ ಪಟ್ಟಿಯಿಂದ ಸ್ಪ್ರಿಂಗಿನ ಸಾಲು ಹೊಡೆದುಹಾಕಿದ್ದ.

"ಆಮೇಲೆ ಸೇರಿಸೋಣ ಅಂತಿದ್ದೆ, ಮರೆತುಹೋಗಿತ್ತು" ಎಂದ, ನೆಲ ನೋಡುತ್ತ.

"ನಾನು ಒಂದು ದಿನವೂ ಮರೀಲಿಲ್ಲ" ಎಂದಳು ವುಯೊಕಾಜಿ.

ಸಿಂದಿಲೆಯನ್ನು ಕೆಲಸದಿಂದ ತೆಗೆದ ದಿನ ಅವಳು ಅರ್ಧ ದಿನ ರಜೆ ಹಾಕಿ ಗೇಟಿನ ಬಳಿ ನಿಂತಳು. ಕಾವಲುಗಾರ ಸುಮ್ಮನೆ ಕಳಿಸಲು ಹೊರಟಾಗ, "ಚೀಲ ನೋಡಪ್ಪ, ಎಲ್ಲರಿಗೂ ಒಂದೇ ನಿಯಮ" ಎಂದಳು. ಸಿಂದಿಲೆ ಚೀಲ ಬಿಚ್ಚಿ ತೋರಿಸಿದ.

ಮೊಂಡೆಗೆ ಕೆಲಸ ಮರಳಿ ಸಿಕ್ಕಿತು. "ಗೇಟಿನ ಹತ್ತಿರ ಹಾಗೆ ಮಾಡಬಾರ್ದಿತ್ತು ನೀನು" ಎಂದನಂತೆ ಹೆಂಡತಿಗೆ.

"ನಿನಗೆ ಬೇಡವಾಗಿತ್ತೇನೋ. ನನಗೆ ಬೇಕಿತ್ತು" ಎಂದಳಂತೆ ಅವಳು, ಅವನ ತಟ್ಟೆಗೆ ಇನ್ನಷ್ಟು ಬೇಯಿಸಿದ ಜೋಳ ಬಡಿಸುತ್ತ.