ಅಮ್ಮನ ಟ್ಯಾಂಕಿಗೆ ಯಾವ ಕಂಪ್ಯೂಟರ್?

ಕಂಪ್ಯೂಟರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬ ಸತ್ಯವನ್ನು ಇಷ್ಟು ವರ್ಷ ಯಶಸ್ವಿಯಾಗಿ ಮುಚ್ಚಿಟ್ಟಿದ್ದೆ. ಆಫೀಸಿನಲ್ಲಿ ಯಾರದಾದರೂ ಯಂತ್ರ ಕೈಕೊಟ್ಟರೆ ಗಂಭೀರವಾಗಿ ಹುಬ್ಬು ಗಂಟಿಕ್ಕಿ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುವುದಷ್ಟೇ ನನ್ನ ವಿದ್ಯೆ. ಬಹಳ ಸಲ ಅದು ಸರಿಹೋಗುತ್ತದೆ; ಹೋಗದಿದ್ದಾಗ ನಾನು ಕಾಫಿಗೆ ಹೋಗಿರುತ್ತೇನೆ. ನನ್ನ ಈ ಕೀರ್ತಿಗೆ ಕುತ್ತು ತಂದದ್ದು ಅಮ್ಮನ ಬಲಗೈ.

ಅಮ್ಮನಿಗೆ ಎಪ್ಪತ್ತೆರಡು. ಹಲಸೂರಿನ ನಮ್ಮ ಮನೆಯ ಮೆಟ್ಟಿಲನ್ನು ತಾನೇ ತೊಳೆದು, ಆ ನೀರಿನಲ್ಲಿ ತಾನೇ ಜಾರಿ, ಮಣಿಕಟ್ಟು ಮುರಿದುಕೊಂಡಳು. ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರೆ ಬೆರಳುಗಳು ಮಡಚಲು ಒಪ್ಪಲಿಲ್ಲ. ಫಿಸಿಯೋಥೆರಪಿಯ ಡಾಕ್ಟರಮ್ಮ ಒಂದು ಹಳದಿ ಚೆಂಡು ಕೊಟ್ಟು, ದಿನವೂ ಹಿಸುಕಬೇಕು, ಈಗ ಅಲಕ್ಷ್ಯ ಮಾಡಿದರೆ ಬೆರಳು ಹೀಗೇ ಬಿಗಿದುಕೊಂಡುಬಿಡಬಹುದು ಎಂದು ಎಚ್ಚರಿಸಿದರು. ಅಮ್ಮ ಎರಡು ದಿನ ಹಿಸುಕಿದಳು. ಮೂರನೆಯ ದಿನ ಚೆಂಡು ಫ್ರಿಜ್ಜಿನ ಮೇಲೆ ಹೋಗಿ ಕೂತಿತು.

"ಇದನ್ನ ಹಿಸುಕಿ ಏನ್ ಬರುತ್ತೆ? ನಿಂಬೆಹಣ್ಣಾದ್ರೆ ಪಾನಕಾನಾದ್ರೂ ಆಗ್ತಿತ್ತು. ಆ ಟ್ಯಾಂಕ್ ಆಟ ಇದ್ರೆ ಕೊಡು, ಆಡ್ತೀನಿ," ಎಂದಳು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಒಂದನ್ನು ತಂದಿದ್ದರು. ಇಟ್ಟಿಗೆ ಗೋಡೆಗಳ ಸಂದಿಯಲ್ಲಿ ಪುಟ್ಟ ಟ್ಯಾಂಕು ಓಡಿಸುತ್ತ, ಶತ್ರುಗಳ ಟ್ಯಾಂಕುಗಳಿಂದ ನಮ್ಮ ಕೋಟೆಯನ್ನು ಕಾಯುವ ಆಟ. ತಂದದ್ದು ನನಗೆ, ಆಡಿದ್ದು ಅಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನವಿಡೀ ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿ ಬಂದು, ಸಂಜೆ ಒಂದು ಗಂಟೆ ಯಾರನ್ನಾದರೂ ಗುಂಡಿಕ್ಕಿ ಸುಡದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. ನಾನು ಜೊತೆಗಾರನಾಗಿ ಆಡುತ್ತಿದ್ದೆ. ಅಡ್ಡ ಬಂದರೆ ನನ್ನನ್ನೂ ಸುಡುತ್ತಿದ್ದಳು. ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು.

"ಅದಕ್ಕ ಎಮ್ಯುಲೇಟರ್ ಅಂತ ಇರ್ತದ್ರೀ," ಎಂದಳು ನನ್ನ ಹೆಂಡತಿ ಗಿರಿಜಾ. ಧಾರವಾಡದವಳು, ನಮ್ಮ ಮನೆಯಲ್ಲಿ ಕಂಪ್ಯೂಟರ್ ನಿಜವಾಗಿ ಬಲ್ಲವಳು. ಎಮ್ಯುಲೇಟರ್ ಎಂದರೆ ಇಂದಿನ ಕಂಪ್ಯೂಟರಿನೊಳಗೆ ಕೂತು, ತಾನು ಅಂದಿನ ಹಳೆಯ ಯಂತ್ರವೇ ಎಂದು ನಟಿಸುವ ತಂತ್ರಾಂಶ. ಆಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನಟನು ರಾಮನನ್ನು ಅನುಕರಿಸುತ್ತಾನೋ, ನೋಡುವವನ ಪಾಲಿಗೆ ರಾಮನೇ ಆಗುತ್ತಾನೋ ಎಂದು ನಮ್ಮ ಅಲಂಕಾರಶಾಸ್ತ್ರಜ್ಞರು ಶತಮಾನಗಟ್ಟಲೆ ಕಿತ್ತಾಡಿದ್ದಾರೆ. ಅವರ ಕೈಗೆ ಎಮ್ಯುಲೇಟರ್ ಸಿಕ್ಕಿದ್ದರೆ ಜಗಳ ಬಿಟ್ಟು ಆಟ ಆಡುತ್ತಿದ್ದರೋ ಏನೋ.

ನಾನು ಮಾತ್ರ ಆಟ ಬಿಟ್ಟು ಜಗಳ ಹಿಡಿದೆ. ಎಮ್ಯುಲೇಟರ್ ಕೂರಿಸುವ ಕಂಪ್ಯೂಟರಿನ ವ್ಯವಸ್ಥೆ ಯಾವುದಿರಬೇಕು, ವಿಂಡೋಸೋ, ಮ್ಯಾಕೋ, ಲಿನಕ್ಸೋ? ಇಂಟರ್ನೆಟ್ಟಿನಲ್ಲಿ ಈ ಮೂರು ಮತದ ಆಚಾರ್ಯರೂ ವಾದಕ್ಕೆ ಸಿದ್ಧರಾಗಿ ಕೂತಿದ್ದರು. ಒಬ್ಬನ ಪ್ರಕಾರ ವಿಂಡೋಸ್ ಬಿಟ್ಟವನು ಕೆಟ್ಟ. ಇನ್ನೊಬ್ಬ, ಲಿನಕ್ಸಿನಲ್ಲಿ ಗುಂಡಿ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವಿನ ಅಂತರ ಕಣ್ಣಿಗೆ ಕಾಣದಷ್ಟು ಕಡಿಮೆ ಎಂದು ನಕ್ಷೆ ಬರೆದಿದ್ದ. ಕಣ್ಣಿಗೆ ಕಾಣದ್ದನ್ನು ಇವನು ಹೇಗೆ ಕಂಡ ಎಂದು ಕೇಳುವ ಬದಲು ನಾನು ಆ ನಕ್ಷೆಯನ್ನು ಪ್ರಿಂಟ್ ತೆಗೆದುಕೊಂಡೆ. ದೊಮ್ಮಲೂರಿನಲ್ಲಿರುವ ನನ್ನ ಬಾಲ್ಯದ ಗೆಳೆಯ ಮುರುಗೇಶ ಫೋನಿನಲ್ಲಿ, "ಮಗಾ, ಕಣ್ಮುಚ್ಕೊಂಡು ಮ್ಯಾಕ್ ತಗೊ, ಯೋಚ್ನೆನೇ ಇರಲ್ಲ" ಎಂದ. ಯೋಚನೆಯೇ ಇರದಿದ್ದರೆ ನಾನೇನು ಮಾಡಲಿ? ಅಷ್ಟು ಹೊತ್ತಿಗೆ ಅದೇ ನನ್ನ ಉದ್ಯೋಗವಾಗಿತ್ತು.

ಹೀಗೆ ಎರಡು ವಾರ ಕಳೆದವು. ಒಂದು ಬೆಳಿಗ್ಗೆ ಗಿರಿಜಾ ನನ್ನ ಮುಂದಿನ ಕಾಗದಗಳನ್ನೆಲ್ಲ ಬದಿಗೆ ಸರಿಸಿ, "ಅತ್ತಿಯವರು ಇವತ್ತ ಎಡಗೈಲೆ ಉಪ್ಪಿಟ್ಟು ತಿಂದ್ರು. ಬಲಗೈ ಎತ್ತಲೇ ಇಲ್ಲ. ನೀವು ನೋಡಿದ್ರೇನು?" ಎಂದಳು.

ನಾನು ನೋಡಿರಲಿಲ್ಲ. ಅಮ್ಮನ ಎದುರೇ ಕೂತು ಉಪ್ಪಿಟ್ಟು ತಿಂದಿದ್ದೆ.

ಅವತ್ತೇ ಗಿರಿಜಾಳ ಹಳೆಯ ಲ್ಯಾಪ್‌ಟಾಪನ್ನು ಹೊರತೆಗೆದೆವು. ಅದರಲ್ಲಿ ಲಿನಕ್ಸ್ ಇತ್ತು, ಹಾಗಾಗಿ ಲಿನಕ್ಸ್ ಗೆದ್ದಿತು. ಅರ್ಧ ಗಂಟೆಯಲ್ಲಿ ಅವಳು ಎಲ್ಲ ಸಿದ್ಧಮಾಡಿದಳು. ಅದೇ ಇಟ್ಟಿಗೆ, ಅದೇ ಕರಕರ ಸಂಗೀತ. ಅಮ್ಮ ಕನ್ನಡಕ ಒರೆಸಿಕೊಂಡು ಬಂದು ಕೂತಳು. ಬಾಣದ ಗುರುತಿನ ಕೀಲಿಗಳಿಂದ ಟ್ಯಾಂಕು ಓಡಿಸಬೇಕು, ಇನ್ನೊಂದು ಕೀಲಿಯಿಂದ ಸುಡಬೇಕು. ಅಮ್ಮನ ಬಲಗೈ ಬೆರಳು ಒಂದು ಕೀಲಿ ಒತ್ತಲು ಹೋದರೆ ಮೂರು ಒತ್ತುತ್ತಿತ್ತು. ಟ್ಯಾಂಕು ಗೋಡೆಗೆ ಮುಖ ಹಾಕಿ ನಿಂತಿತು. ಶತ್ರುಗಳು ಆರಾಮಾಗಿ ಬಂದು ಕೋಟೆ ಕೆಡವಿದರು. ಮೂರು ಸಲ ಹೀಗಾದ ಮೇಲೆ ಅಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಬಿಡೋ, ಈ ಕೈ ಇನ್ನಿಷ್ಟೇ," ಎಂದು ಎದ್ದು ಒಳಗೆ ಹೋದಳು.

ಅಮ್ಮ ಸೋತದ್ದನ್ನು ನಾನು ನೋಡಿದ್ದೆ. ಬಿಟ್ಟು ಎದ್ದದ್ದನ್ನು ನೋಡಿರಲಿಲ್ಲ. ಮರುದಿನ ಆಫೀಸಿಗೆ ರಜೆ ಹಾಕಿ ಶಿವಾಜಿನಗರಕ್ಕೆ ಹೋದೆ. ಕಂಪ್ಯೂಟರ್ ಬಿಡಿಭಾಗ ಮಾರುವ ಇಮ್ತಿಯಾಜ್ ಭಾಯಿಯ ಪುಟ್ಟ ಅಂಗಡಿಯಲ್ಲಿ ನಿಂತು, ನನ್ನ ಪಾಂಡಿತ್ಯವನ್ನೆಲ್ಲ ಕಕ್ಕತೊಡಗಿದೆ: ಲಿನಕ್ಸ್ ಇದೆ, ವಿಂಡೋಸ್‌ಗೆ ಬದಲಾಯಿಸಲೂ ತಯಾರಿದ್ದೇನೆ, ಗುಂಡಿ ಒತ್ತುವುದಕ್ಕೂ ಗುಂಡು ಹಾರುವುದಕ್ಕೂ ನಡುವಿನ ಅಂತರ...

"ಅರೇ, ಕಂಪ್ಯೂಟರ್ ಛೋಡೋ ಸಾರ್," ಎಂದು ಅವರು ಕೈ ಅಡ್ಡ ಹಿಡಿದರು. "ಆಡೋದು ಯಾರು?"

"ನಮ್ಮಮ್ಮ. ಕೈ ಮುರಿದಿತ್ತು."

"ಯಾವ ಕೈ?"

ಎರಡು ವಾರ ನಾನು ಓದಿದ ಯಾವ ಆಚಾರ್ಯನೂ ಈ ಪ್ರಶ್ನೆ ಕೇಳಿರಲಿಲ್ಲ. ಬಲಗೈ ಎಂದೆ. ಇಮ್ತಿಯಾಜ್ ಭಾಯಿ ನಾಲ್ಕಾರು ಡಬ್ಬ ಬಿಚ್ಚಿದರು. ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರುಗಳು. ಒಂದೊಂದನ್ನೂ ತಾವೇ ಹಿಡಿದು, ಬಲ ಹೆಬ್ಬೆರಳು ಬಿಗಿದುಕೊಂಡವರಂತೆ ನಟಿಸಿ ಒತ್ತಿ ನೋಡಿದರು. ಕೊನೆಗೆ ದಪ್ಪ ಹಿಡಿಯ, ಮೆತ್ತನೆಯ ಅಗಲ ಗುಂಡಿಯ ಒಂದನ್ನು ಕೊಟ್ಟು, "ಇದು ಯಾವ ಕಂಪ್ಯೂಟರ್‌ಗೂ ಬರತ್ತೆ ಸಾರ್. ಅಮ್ಮಾಗೆ ಬರತ್ತಾ ನೋಡಿ," ಎಂದರು.

ಅಮ್ಮನಿಗೆ ಮೊದಲ ದಿನ ಬರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ನಡುಗಿತು, ಕೋಟೆ ಬಿತ್ತು, ಅಮ್ಮ ಶತ್ರುಗಳ ವಂಶವನ್ನು ಬೈದಳು. ಆದರೆ ಈ ಸಲ ಏಳಲಿಲ್ಲ. ನಾಲ್ಕನೆಯ ದಿನ ಒಂದು ಟ್ಯಾಂಕು ಸಿಡಿಯಿತು. ಹತ್ತನೆಯ ದಿನ ಇಮ್ತಿಯಾಜ್ ಭಾಯಿಯ ಅಂಗಡಿಯಿಂದ ಇನ್ನೊಂದು ಕಂಟ್ರೋಲರ್ ತಂದು ನಾನೂ ಜೊತೆಗೂಡಿದೆ. ಆಟ ಶುರುವಾಗಿ ಒಂದು ನಿಮಿಷಕ್ಕೆ ಹಿಂದಿನಿಂದ ಗುಂಡು ಬಂದು ನನ್ನ ಟ್ಯಾಂಕು ಕಂಪಿಸಿ ನಿಂತುಹೋಯಿತು.

"ಅಡ್ಡ ಬರ್ಬೇಡ ಅಂತ ಆವತ್ತಿಂದ ಹೇಳ್ತಿದೀನಿ," ಎಂದಳು ಅಮ್ಮ, ಪರದೆಯಿಂದ ಕಣ್ಣು ಕೀಳದೆ. ಹೆತ್ತ ತಾಯಿಯ ಗುಂಡು ತಿಂದು ಇಷ್ಟು ಸಂತೋಷಪಟ್ಟ ಮಗ ಹಲಸೂರಿನಲ್ಲಿ ಇನ್ನೊಬ್ಬನಿರಲಾರ.

ತಿಂಗಳ ಮೇಲೆ ಫಿಸಿಯೋಥೆರಪಿಗೆ ಹೋದಾಗ ಅಮ್ಮ ಡಾಕ್ಟರಮ್ಮನ ಎರಡು ಬೆರಳನ್ನು ಹಿಡಿದು ಅವರು "ಆ!" ಎನ್ನುವಂತೆ ಅದುಮಿದಳು. ಸಂಗತಿ ಕೇಳಿ ಅವರಿಗೆ ಕುತೂಹಲವಾಯಿತು. ತಮ್ಮ ಬೇರೆ ರೋಗಿಗಳಿಗೂ ಹೇಳಬಹುದಲ್ಲ ಎಂದು, "ಯಾವ್ದರ ಮೇಲೆ ಆಡ್ತೀರಮ್ಮ ಇದನ್ನ?" ಎಂದು ಕೇಳಿದರು.

ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ. ಮೂರೂ ಮತಗಳ ಸಾರವನ್ನು ಹೇಳಲು ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಅಷ್ಟರಲ್ಲಿ ಅಮ್ಮ ಉತ್ತರಿಸಿಯಾಗಿತ್ತು:

"ಊಟದ ಟೇಬಲ್ ಮೇಲೆ ಕಣಮ್ಮಾ. ಸೋಫಾದಲ್ಲಿ ಕೂತ್ರೆ ಸೊಂಟ ಹಿಡ್ಕೊಳುತ್ತೆ."

ಡಾಕ್ಟರಮ್ಮ ಅದನ್ನೇ ಶ್ರದ್ಧೆಯಿಂದ ಬರೆದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.