ನಿದ್ದೆ ಮಾಡಲು ಬಿಡದ ಕಂಡಕ್ಟರ್

ಆತನ ಬಲಗೈ ತೋರುಬೆರಳಿನ ಗೆಣ್ಣು ಜಡ್ಡುಗಟ್ಟಿ ಒರಟಾಗಿತ್ತು. ಬಸ್ಸಿನ ತಗಡನ್ನು ಕುಟ್ಟಿ ಕುಟ್ಟಿ ಹಾಗಾದದ್ದು. ಅದೇ ಗೆಣ್ಣಿನಿಂದ ಆತ ವಾರಕ್ಕೆ ಆರು ದಿನ ನನ್ನ ಪಕ್ಕೆಗೆ ತಿವಿಯುತ್ತಿದ್ದ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರದಲ್ಲಿ ನನ್ನ ಮನೆ, ಕಿಕ್ಕೇರಿಯ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ. ಬೆಳಗಿನ ಖಾಸಗಿ ಬಸ್ಸಿಗೆ ಆತ ಕಂಡಕ್ಟರ್, ಸಂತೆಬಾಚಹಳ್ಳಿಯವನು. ಹತ್ತಿ ಕೂತು ಚಿನಕುರಳಿ ಬರುವುದರೊಳಗೆ ನನ್ನ ಗೊರಕೆ ಶುರು. ನಮ್ಮ ಕಡೆ ಬಸ್ಸಿನಲ್ಲಿ ನಿದ್ದೆ ಮಾಡುವವನಿಗೆ ಒಂದು ಮರ್ಯಾದೆ ಇದೆ. ಪಕ್ಕದವರು ಭುಜ ಕೊಡುತ್ತಾರೆ, ಇಳಿಯುವ ಊರು ಬರುವವರೆಗೆ ಯಾರೂ ಮುಟ್ಟುವುದಿಲ್ಲ. ಗೊರಕೆ ಜೋರಾದಷ್ಟೂ ನಿದ್ದೆ ಸೊಗಸಾಗಿದೆ ಎಂದೇ ಎಲ್ಲರ ಎಣಿಕೆ. ಈ ಮಹಾಶಯನೊಬ್ಬನಿಗೆ ಮಾತ್ರ ಅದು ಒಪ್ಪಿಗೆಯಿರಲಿಲ್ಲ.

"ಏಳಿ ಮೇಷ್ಟ್ರೇ."

"ಕಿಕ್ಕೇರಿ ಬಂತೇನಯ್ಯಾ?"

"ಇಲ್ಲ, ಚಿನಕುರಳಿ ಈಗ ದಾಟ್ತು."

"ಮತ್ಯಾಕೆ ಎಬ್ಬಿಸ್ದೆ?"

"ಗೊರ್ಕೆ ನಿಂತೋಯ್ತು. ಇಪ್ಪತ್ತು ಎಣ್ಸುದ್ರೂ ಉಸ್ರು ಬರ್ನಿಲ್ಲ. ಅದ್ಕೇ ತಿವಿದೆ."

ಗೊರಕೆ ಹೊಡೆದದ್ದಕ್ಕೆ ಎಬ್ಬಿಸುವವರನ್ನು ಕಂಡಿದ್ದೇನೆ. ಗೊರಕೆ ನಿಂತಿತೆಂದು ಎಬ್ಬಿಸುವವನನ್ನು ಏನು ಮಾಡಬೇಕು?

ನಿಜ, ನನಗೂ ಸುಖವಿರಲಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ತಲೆ ಭಾರ, ಹಗಲೆಲ್ಲ ತೂಕಡಿಕೆ. ಉಕ್ತಲೇಖನ ಕೊಡುತ್ತಲೇ ಕಣ್ಣು ಮುಚ್ಚಿ, ಒಂದೇ ವಾಕ್ಯವನ್ನು ಮೂರು ಸಲ ಬರೆಸಿದ್ದೇನೆ. ಮಕ್ಕಳು ಮೂರು ಸಲವೂ ಬರೆದುಕೊಂಡಿದ್ದಾರೆ. ಮನೆಯವರು, ಸ್ಟಾಫ್ ರೂಮಿನವರು ಎಲ್ಲರೂ ತಪ್ಪನ್ನು ರಾಗಿಮುದ್ದೆಯ ಮೇಲೆ ಹಾಕಿದರು. ಮುದ್ದೆ ಬಿಟ್ಟೆ. ಎರಡು ತಿಂಗಳು ಉಪ್ಪಿಟ್ಟು ತಿಂದು ಹೊಟ್ಟೆಯೂ ತಣಿಯಲಿಲ್ಲ, ತೂಕಡಿಕೆಯೂ ಹೋಗಲಿಲ್ಲ. ರಾತ್ರಿ ನಿದ್ದೆ ಸಾಲದೇನೋ ಎಂದು ಮಾತ್ರೆ ನುಂಗಿದೆ. ಇನ್ನಷ್ಟು ಹದಗೆಟ್ಟಿತು.

ಕೊನೆಗೆ ಈ ಕಂಡಕ್ಟರನ ಕಾಟ ತಪ್ಪಿದರೆ ಸಾಕೆಂದು ಸ್ಕೂಟರ್ ಕೊಳ್ಳಲು ಹೊರಟೆ. ಆತನ ಹೊಟ್ಟೆ ಉರಿಸೋಣವೆಂದು ಬಸ್ಸಿನಲ್ಲೇ ಹೇಳಿದೆ. ಆತ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಗಾಡಿ ಮೇಲೆ ನಿಮ್ಮುನ್ನ ತಿವಿಯೋರು ಯಾರು ಮೇಷ್ಟ್ರೇ?" ಎಂದ.

"ನನ್ನ ಜೀವ, ನನ್ನ ಗಾಡಿ. ನಿನ್ನ ಕೆಲಸ ನೋಡು," ಎಂದೆ. ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು.

ಅದರ ಮುಂದಿನ ಭಾನುವಾರ ಹೆಂಡತಿಯೊಡನೆ ಅದೇ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಮದುವೆಗೆ ಹೊರಟೆ. ಯಥಾಪ್ರಕಾರ ನಿದ್ದೆ ಹೋದೆ. ಕಣ್ಣು ಬಿಟ್ಟರೆ ಬಸ್ಸು ರಸ್ತೆಯ ಬದಿಯಲ್ಲಿ ನಿಂತಿದೆ, ಇಂಜಿನ್ ಬಂದ್. ಐವತ್ತು ಜನ ಮದುವೆಗೆ ಹೊರಟವರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಹೆಂಡತಿ ಅಳುತ್ತಿದ್ದಾಳೆ. ನನ್ನ ಗೊರಕೆ ತಾಳಲಾರದೆ ಆಕೆ ಮಕ್ಕಳ ಜೊತೆ ಒಳಕೋಣೆಯಲ್ಲಿ ಮಲಗಲು ಶುರುಮಾಡಿ ವರ್ಷಗಳಾಗಿದ್ದವು, ಹಾಗಾಗಿ ಅವಳಿಗೇನೂ ಗೊತ್ತಿರಲಿಲ್ಲ. ಕಂಡಕ್ಟರ್ ಡ್ರೈವರಿಗೆ ಹೇಳಿ ಇಂಜಿನ್ ಆರಿಸಿ, "ಕೇಳಿಸ್ಕಳಿ ಅಕ್ಕಾ, ಈಗ ನಿಂತದೆ, ಎಣ್ಸಿ," ಎಂದನಂತೆ. ಇವಳು ಎಣಿಸಿದಳಂತೆ. ಹಿಂದಿನ ಸೀಟಿನ ಅಜ್ಜಿಯೂ ಎಣಿಸಿದಳಂತೆ.

ಅಂಥ ಅವಮಾನ ನನಗೆ ಇನ್ನೆಂದೂ ಆಗಿಲ್ಲ. ಆ ಮದುವೆಯಲ್ಲಿ ವಧೂವರರನ್ನು ಬಿಟ್ಟು ಎಲ್ಲರೂ ನನ್ನ ಗಂಟಲಿನ ವಿಚಾರ ಮಾತಾಡಿದರು.

ಹೆಂಡತಿ ಬಿಡಲಿಲ್ಲ, ಮೈಸೂರಿಗೆ ಎಳೆದುಕೊಂಡು ಹೋದಳು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ, ಮೈ ಗಾಬರಿಯಾಗಿ ಎಚ್ಚರಿಸುತ್ತದೆ, ರಾತ್ರಿಯಿಡೀ ಇದೇ ನಡೆದರೆ ಹಗಲು ತೂಕಡಿಸದೆ ಇನ್ನೇನು ಎಂದರು ಡಾಕ್ಟರು. ನಿದ್ದೆ ಮಾತ್ರೆ ಕಸಕ್ಕೆ ಹಾಕಿಸಿದರು. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ತೂಕಡಿಕೆ ಹೋಗುವವರೆಗೆ ಗಾಡಿ ಮುಟ್ಟಕೂಡದು. ಅಂಗಾತ ಹೊರಳದಂತೆ ಹೆಂಡತಿ ನನ್ನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ರಬ್ಬರ್ ಚೆಂಡು ಇಟ್ಟಳು. ನಾನು ದಿನಾ ನಾಲೆ ಏರಿಯ ಮೇಲೆ ನಡೆದೆ. ವರ್ಷ ತುಂಬುವಷ್ಟರಲ್ಲಿ ಬಸ್ಸಿನಲ್ಲಿ ಎಚ್ಚರವಾಗಿ ಕೂತು ಪೇಪರ್ ಓದುತ್ತಿದ್ದೆ. ಎಲ್ಲರಿಗೂ ಇಷ್ಟಕ್ಕೇ ವಾಸಿಯಾಗುವುದಿಲ್ಲ, ನಿಮ್ಮ ಪುಣ್ಯ ಎಂದರು ಡಾಕ್ಟರು.

ಆ ಪುಣ್ಯಾತ್ಮ ಕಂಡಕ್ಟರನಿಗೆ ಒಂದು ಮಾತು ಹೇಳಬೇಕಿತ್ತು. ಮುಖ ಊದಿಸಿಕೊಂಡೇ ಟಿಕೆಟ್ ತಗೊಂಡೆ. ಆಮೇಲೆ ಸ್ಕೂಟರೂ ಬಂತು.

ಎರಡು ವರ್ಷದ ನಂತರ, ಆತ ಕಾಮಾಲೆಯಾಗಿ ತೀರಿಹೋದನೆಂದು ಅದೇ ಬಸ್ಸಿನ ಡ್ರೈವರ್ ಹೇಳಿದ. ಸಂತೆಬಾಚಹಳ್ಳಿಗೆ ಹೋದೆ. ಬಾಗಿಲಲ್ಲಿ ಕೂತಿದ್ದ ಆತನ ಹೆಂಡತಿ, "ಗೊರ್ಕೆ ಮೇಷ್ಟ್ರು ನೀವೇನಾ?" ಎಂದಳು. ಹೌದೆಂದೆ.

"ಇವ್ರಣ್ಣಂಗೂ ಇಂಗೇ ಇತ್ತು ಮೇಷ್ಟ್ರೇ. ಟ್ರಾಕ್ಟರ್ ಓಡುಸ್ತಾ ತೂಕಡ್ಸಿ, ಕೆರೆ ಏರಿಯಿಂದ ಉರುಳಿ ತೀರೋಗ್ಬುಟ್ರು. ಇವ್ರು ಪಕ್ಕದಲ್ಲೇ ಕೂತಿದ್ರು. ಅಣ್ಣ ಕಣ್ಮುಚ್ಚಿದ್ದು ಕಂಡ್ರೂ, ದೊಡ್ಡೋರ ಮೈ ಎಂಗೆ ಮುಟ್ಟಾದು ಅಂತ ಸುಮ್ನಿದ್ಬುಟ್ರಂತೆ."

ನನಗೆ ಸಿಟ್ಟು ಬಂತು. ಇದನ್ನು ಒಮ್ಮೆಯಾದರೂ ಹೇಳಬಾರದಿತ್ತೇ ಆ ಮನುಷ್ಯ?

"ನಿಮ್ಮ ಯಜಮಾನ್ರು ಇಲ್ದಿದ್ರೆ ನಾನು ಇವತ್ತು ಇರ್ತಿರಲಿಲ್ಲಮ್ಮ," ಎಂದೆ.

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇದ್ದಾಗ ಯೋಳಿದ್ರೆ ಎಷ್ಟ್ ಖುಷಿ ಪಡೋರು," ಎಂದಳು.